ನಾಲ್ಕನೇ ಪಿನ್

ಮಂಚದ ತುದಿಯಲ್ಲಿ ಜಾಗವಿದೆ, ಕೂತುಕೊಳ್ಳಿ. ಕಾಲು ಮಾತ್ರ ಜೋಪಾನ, ಕೆಳಗೆ ಸ್ಪೈಕ್ ಬಸ್ಟರಿನ ವೈರು ಹರಡಿಕೊಂಡಿದೆ. ದಾವಣಗೆರೆಯ ವಿದ್ಯಾನಗರ, ಏಪ್ರಿಲ್ ತಿಂಗಳ ಸಂಜೆ. ಬಿಸಿಲು ಇಳಿದಿದ್ದರೂ ತಾರಸಿ ಇನ್ನೂ ಕಾದೇ ಇದೆ. ಮೇಲಿನ ಫ್ಯಾನ್ ಅದೇ ಬಿಸಿಗಾಳಿಯನ್ನು ಸುತ್ತಿಸಿ ಸುತ್ತಿಸಿ ಕೊಡುತ್ತಿದೆ. ಮೇಜಿನ ಕೆಳಗಿಂದ ಇನ್ನೊಂದು ಫ್ಯಾನಿನ ಸದ್ದು ಬರುತ್ತಿದೆ, ಕೇಳಿಸಿತೆ? ಸಣ್ಣದು, ಕೀರಲು. ಆಟ ಇನ್ನೂ ಶುರುವಾಗಿಲ್ಲ, ಪರದೆಯ ಮೇಲೆ ಬರೀ ವಾಲ್‌ಪೇಪರ್ ಇದೆ. ಆದರೂ ಆ ಫ್ಯಾನ್ ಪೂರ್ತಿ ವೇಗದಲ್ಲಿ ಕೂಗುತ್ತಿದೆ. ಕುರ್ಚಿಯಲ್ಲಿ ಕೂತಿರುವ ಹುಡುಗನಿಗೆ ಅದು ಅಭ್ಯಾಸವಾಗಿ ಹೋಗಿ ಕಿವಿಗೇ ಬೀಳುವುದಿಲ್ಲ. ನೀವು ನೆನಪಿಟ್ಟುಕೊಳ್ಳಿ.

ಹುಡುಗ ಎಂಜಿನಿಯರಿಂಗ್ ಎರಡನೇ ವರ್ಷ. ಈ ಸಿಸ್ಟಂ ಅವನೇ ಜೋಡಿಸಿದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ರೇಟು ಬರೆದುಕೊಂಡು, ಒಂದೊಂದೇ ಪಾರ್ಟ್ ಕೊಂಡು, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಇಂಟೆಲ್ ಕೋರ್ ಐ5-12400 ಪ್ರೊಸೆಸರ್, ಬಿ660 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ್‍ಯಾಮ್, 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 144 ಹರ್ಟ್ಸ್ ಮಾನಿಟರ್. ಇವತ್ತಿನ ಲೆಕ್ಕದಲ್ಲಿ ಹೊಚ್ಚ ಹೊಸದಲ್ಲ, ಹಳತೂ ಅಲ್ಲ. 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಇದರ ಮೇಲೆ ಏದುಸಿರಿಲ್ಲದೆ ಓಡಬೇಕು.

ಓಡುತ್ತಿಲ್ಲ.

"ಮೊದಲು ಸ್ವಲ್ಪ ಹೊತ್ತು ಚೆನ್ನಾಗೇ ಇರುತ್ತೆ ಅಕ್ಕಾ. ಆಮೇಲೆ ನೋಡು ಹೆಂಗಾಗುತ್ತೆ ಅಂತ."

ಅಕ್ಕ ಅವನ ಹಿಂದೆ ಕೈಕಟ್ಟಿ ನಿಂತಿದ್ದಾಳೆ. ಬೆಂಗಳೂರಿನಲ್ಲಿ ಸರ್ವರ್ ಬೋರ್ಡುಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ, ವಾರಾಂತ್ಯಕ್ಕೆ ಊರಿಗೆ ಬಂದಿದ್ದಾಳೆ. ಪರದೆಯಲ್ಲಿ ಲಾಸ್ ಸ್ಯಾಂಟೋಸ್ ನಗರದ ಕಡಲದಂಡೆ, ಕಾರು, ಎರಡೂ ಬದಿ ಜನ. ಕಾರು ತಿರುವಿನಲ್ಲಿ ಹೊರಳುತ್ತದೆ. ಮೊದಲ ತಿರುವು ಸಲೀಸು. ಎರಡನೆಯದರಲ್ಲಿ ಚಿತ್ರ ಒಂದು ಕ್ಷಣ ನಿಂತು ಮುಂದಕ್ಕೆ ಹಾರುತ್ತದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಹುಡುಗ ಎಡಕ್ಕೆ ಒತ್ತಿದ್ದು ಪರದೆ ತಲುಪುವ ಮುಂಚೆಯೇ ಕಾರು ಕಂಬಕ್ಕೆ ಗುದ್ದಿರುತ್ತದೆ. ಮೂಲೆಯಲ್ಲಿ 38 ಎಂದು ತೋರಿಸುತ್ತಿದೆ. ಸೆಕೆಂಡಿಗೆ 38 ಫ್ರೇಮ್.

"ಕಾರ್ಡ್ ಸಾಲ್ತಿಲ್ಲ ಅಕ್ಕಾ. ಇದನ್ನ ಸೆಕೆಂಡ್ ಹ್ಯಾಂಡಿಗೆ ಕೊಟ್ಟು, ಮೇಲೆ ಒಂದಿಷ್ಟು ಹಾಕಿ ದೊಡ್ಡದು ತಗೊಳ್ಳೋಣ. ಅಪ್ಪಾಜಿಗೆ ನೀನೇ ಹೇಳ್ಬೇಕು."

ಅಂದರೆ ಅಕ್ಕನನ್ನು ಕರೆಸಿದ್ದು ರಿಪೇರಿಗಲ್ಲ, ಶಿಫಾರಸಿಗೆ.

ಅವಳು ಏನೂ ಹೇಳದೆ ಮಂಡಿಯೂರಿ ಕ್ಯಾಬಿನೆಟ್ಟಿನ ಹಿಂದಕ್ಕೆ ಕೈ ಹಾಕುತ್ತಾಳೆ. ಮಾನಿಟರಿನ ಕೇಬಲ್ ಹಿಡಿದು, ಅದು ಎಲ್ಲಿಗೆ ಹೋಗಿ ಸೇರಿದೆ ಎಂದು ಬೆರಳಲ್ಲೇ ಹುಡುಕುತ್ತಾಳೆ. ಎಷ್ಟೋ ಮನೆಗಳಲ್ಲಿ ಕಥೆ ಮುಗಿಯುವುದು ಇಲ್ಲೇ. ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ಬದಲು ಮೇಲಿರುವ ಮದರ್‌ಬೋರ್ಡಿನ ಎಚ್‌ಡಿಎಂಐ ತೂತಿಗೆ ಚುಚ್ಚಿರುತ್ತಾರೆ. 12400ರ ಹೊಟ್ಟೆಯೊಳಗೇ ಒಂದು ಪುಟ್ಟ ಗ್ರಾಫಿಕ್ಸ್ ಇದೆ, ಅದು ಚಿತ್ರ ಕೊಡುತ್ತದೆ. ಚಿತ್ರ ಬಂದ ಮೇಲೆ ಯಾರು ಅನುಮಾನಿಸುತ್ತಾರೆ? ಸಾವಿರಾರು ರೂಪಾಯಿಯ ಕಾರ್ಡು ಪಕ್ಕದಲ್ಲೇ ಸುಮ್ಮನೆ ಕೂತಿರುತ್ತದೆ. ಇಲ್ಲಿ ಹಾಗಾಗಿಲ್ಲ. ಕೇಬಲ್ ಸರಿಯಾದ ಕಡೆಯೇ ಇದೆ.

ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಮಾತ್ರ ಒಂದು ಸಿಕ್ಕಿತು. 144 ಹರ್ಟ್ಸ್ ಮಾನಿಟರನ್ನು ವಿಂಡೋಸ್ 60ರಲ್ಲೇ ಓಡಿಸುತ್ತಿದೆ. ಅವಳು ಬದಲಿಸುತ್ತಾಳೆ. ಮೌಸಿನ ಬಾಣ ತಕ್ಷಣ ಹಗುರಾದಂತೆ ಕಾಣುತ್ತದೆ. ಹುಡುಗನ ಮುಖ ಅರಳುತ್ತದೆ. "ಇದು ಬೇರೆ ವಿಷಯ," ಎನ್ನುತ್ತಾಳೆ ಅಕ್ಕ. "38 ಫ್ರೇಮ್ ಬರ್ತಿರೋವಾಗ 60 ಹರ್ಟ್ಸ್ ಆದರೇನು, 144 ಆದರೇನು?"

ಈಗ ಅವಳು ಮಾಡುವುದನ್ನು ಗಮನಿಸಿ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ, ಒಂದು ಪೈಸೆ ಖರ್ಚೂ ಇಲ್ಲ. ಆಟದ ಸೆಟ್ಟಿಂಗಿಗೆ ಹೋಗಿ ರೆಸಲ್ಯೂಷನನ್ನು 1920×1080ರಿಂದ 1280×720ಕ್ಕೆ ಇಳಿಸುತ್ತಾಳೆ. ಒಂದು ಫ್ರೇಮಿಗೆ ಸುಮಾರು 20 ಲಕ್ಷ 73 ಸಾವಿರ ಚುಕ್ಕೆ ಬಿಡಿಸುತ್ತಿದ್ದ ಕಾರ್ಡು ಈಗ 9 ಲಕ್ಷ 21 ಸಾವಿರ ಬಿಡಿಸಿದರೆ ಸಾಕು. ಅರ್ಧಕ್ಕಿಂತ ಕಡಿಮೆ ಕೆಲಸ. ಚಿತ್ರ ಮಸುಕಾಗುತ್ತದೆ, ಅಂಚುಗಳು ಹರಿದಂತೆ ಕಾಣುತ್ತವೆ. ಕಾರು ಅದೇ ಕಡಲದಂಡೆಗೆ ಹೋಗುತ್ತದೆ. ಮೂಲೆಯ ಅಂಕಿ ನೋಡಿ: 38, 37, 39.

"ಕಾರ್ಡಿಗೆ ಸುಸ್ತಾಗಿದ್ರೆ ಈಗ ಫ್ರೇಮ್ ಏರಬೇಕಿತ್ತು ತಾನೆ?"

ಹುಡುಗ ಮಾತಾಡುವುದಿಲ್ಲ. ದೊಡ್ಡ ಕಾರ್ಡಿನ ಆಸೆ ಅಲ್ಲೇ ಸ್ವಲ್ಪ ಬಾಡಿತು.

ಆಮೇಲೆ ಅವಳು ರಿವಾಟ್ಯೂನರ್ ಹಾಕಿ ಆಟದ ಮೇಲೆಯೇ ಅಂಕಿಗಳ ಸಾಲು ಬರುವಂತೆ ಮಾಡುತ್ತಾಳೆ. ಎಡ ಮೂಲೆಯಲ್ಲಿ ಹಸಿರು ಅಕ್ಷರ. ಗ್ರಾಫಿಕ್ಸ್ ಕಾರ್ಡ್ ಶೇಕಡಾ 31 ಮಾತ್ರ ದುಡಿಯುತ್ತಿದೆ, ಬಿಸಿ 54 ಡಿಗ್ರಿ. ಅದರ ಕೆಳಗಿನ ಸಾಲು ಪ್ರೊಸೆಸರಿನದು. ಆಟ ಶುರುವಾದಾಗ 4 ಗಿಗಾಹರ್ಟ್ಸ್, 83 ಡಿಗ್ರಿ. 91. 97. 100. ಅಲ್ಲಿಗೆ ಮುಟ್ಟಿದ್ದೇ ತಡ, ಗಿಗಾಹರ್ಟ್ಸ್ ಅಂಕಿ ಜಾರತೊಡಗುತ್ತದೆ: 3.1, 2.2, 1.4. ಫ್ರೇಮಿನ ಅಂಕಿಯೂ ಅದರ ಹಿಂದೆಯೇ ಇಳಿಯುತ್ತದೆ. ಎರಡನೇ ತಿರುವು ಯಾಕೆ ತಡವರಿಸುತ್ತದೆ ಎಂಬುದನ್ನು ಈಗ ನೀವು ಕಣ್ಣಾರೆ ಕಂಡಿರಿ.

ಈ ಪ್ರೊಸೆಸರ್ ತಡೆದುಕೊಳ್ಳುವ ಗರಿಷ್ಠ ಬಿಸಿ 100 ಡಿಗ್ರಿ. ಅದಕ್ಕೆ ತಲುಪಿದರೆ ತನ್ನನ್ನು ತಾನು ಉಳಿಸಿಕೊಳ್ಳಲು ವೇಗವನ್ನು ಇಳಿಸಿಕೊಳ್ಳುತ್ತದೆ. ಸುಟ್ಟುಹೋಗುವುದಿಲ್ಲ, ಆಫ್ ಆಗುವುದೂ ಅಪರೂಪ, ದೂರು ಹೇಳುವುದೂ ಇಲ್ಲ. ನಿಧಾನವಾಗುತ್ತದೆ ಅಷ್ಟೆ. ಯಾವ ಕಾರು ಎಲ್ಲಿದೆ, ಯಾವ ಮನುಷ್ಯ ಯಾವ ಕಡೆ ತಿರುಗಿದ, ಈ ಫ್ರೇಮಿನಲ್ಲಿ ಏನೇನು ಬಿಡಿಸಬೇಕು ಎಂಬ ಲೆಕ್ಕವೆಲ್ಲ ಪ್ರೊಸೆಸರಿನದು. ಲೆಕ್ಕ ಬಾರದೆ ಕಾರ್ಡು ಬಿಡಿಸುವುದೇನನ್ನು? ಅದು ಕಾಯುತ್ತದೆ. ಶೇಕಡಾ 31ರ ಅರ್ಥ ಅದು. ಕಾಯುತ್ತಿರುವ ಕಾರ್ಡನ್ನು ಮಾರಿ ಅದಕ್ಕಿಂತ ದೊಡ್ಡದನ್ನು ತಂದರೆ, ಅದೂ ಬಂದು ಕಾಯುತ್ತದೆ.

"ಬಿಸಿಲು ಅಕ್ಕಾ. ನಮ್ಮೂರಲ್ಲಿ ಏಪ್ರಿಲ್ ಅಂದ್ರೆ ನಿಂಗೊತ್ತಲ್ಲ."

ಮಾತಿನಲ್ಲಿ ಅರ್ಧ ಹುರುಳಿದೆ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಒಳಗಿನ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಆದರೆ ಅಕ್ಕ ಆಟ ಮುಚ್ಚಿ ಎಚ್‌ಡಬ್ಲ್ಯುಇನ್ಫೊ ತೆರೆದು ತೋರಿಸುತ್ತಾಳೆ. ಯಾವ ಕೆಲಸವೂ ಇಲ್ಲದೆ ವಾಲ್‌ಪೇಪರ್ ಮುಂದೆ ಕೂತಾಗ ಪ್ರೊಸೆಸರ್ 71 ಡಿಗ್ರಿ. ಕೋಣೆ 35. ಏನೂ ಮಾಡದ ಪ್ರೊಸೆಸರ್ ಕೋಣೆಗಿಂತ 36 ಡಿಗ್ರಿ ಮೇಲಿರಲು ಬಿಸಿಲು ಕಾರಣವಲ್ಲ. ಶಾಖ ಹುಟ್ಟಿದ ಕಡೆಯಿಂದ ಹೀಟ್‌ಸಿಂಕಿಗೆ ದಾಟುತ್ತಿಲ್ಲ. ಮೇಜಿನ ಕೆಳಗೆ ಕೂಗುತ್ತಿದ್ದ ಫ್ಯಾನ್ ಸಂಜೆಯಿಂದ ಅದನ್ನೇ ಹೇಳುತ್ತಿತ್ತು.

ಹುಡುಗನ ಹತ್ತಿರ ಇನ್ನೊಂದು ಸಾಕ್ಷಿಯಿದೆ. ಜಿಪಿಯು-ಝಡ್‌ನಲ್ಲಿ ಕಾರ್ಡಿನ ಪಿಸಿಐಇ ಸಂಪರ್ಕ 4.0 ಇರಬೇಕಾದ ಕಡೆ 1.1 ಎಂದು ತೋರಿಸುತ್ತದೆ, ಮದರ್‌ಬೋರ್ಡೇ ಕೆಟ್ಟಿರಬಹುದು ಎಂಬ ವಾದ. ಅಕ್ಕ ಅದರ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸುತ್ತಾಳೆ, 1.1 ಹೋಗಿ 4.0 ಆಗುತ್ತದೆ. ಕೆಲಸವಿಲ್ಲದಾಗ ಕರೆಂಟ್ ಉಳಿಸಲು ಕಾರ್ಡು ತಾನೇ ಇಳಿದಿರುತ್ತದೆ. ಮದರ್‌ಬೋರ್ಡ್ ಬಚಾವಾಯಿತು. ಎಲ್ಲಕ್ಕೂ ಕರೆಂಟ್ ಪೂರೈಸುವ ಎಸ್‌ಎಂಪಿಎಸ್ ಸಾಲದೇ ಇರಬಹುದು ಎಂಬ ಮಾತೂ ಬಂತು. ಅದು ಸಾಲದಿದ್ದರೆ ಸಾಮಾನ್ಯವಾಗಿ ಸಿಸ್ಟಂ ದಿಢೀರನೆ ಆಫ್ ಆಗುತ್ತದೆ, ಇಲ್ಲವೇ ರೀಸ್ಟಾರ್ಟ್ ಆಗುತ್ತದೆ, ಹೀಗೆ ತೆವಳುವುದಿಲ್ಲ.

ಶಟ್‌ಡೌನ್ ಒತ್ತಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಇನ್ನೊಮ್ಮೆ ಅದುಮಿ ಒಳಗೆ ಉಳಿದ ಕರೆಂಟನ್ನೂ ಖಾಲಿ ಮಾಡುತ್ತಾರೆ. ಕ್ಯಾಬಿನೆಟ್ಟನ್ನು ಇಬ್ಬರೂ ಎತ್ತಿ ಮಂಚದ ಮೇಲೆ, ನಿಮ್ಮ ಪಕ್ಕಕ್ಕೇ, ಮಲಗಿಸುತ್ತಾರೆ. ಅಮ್ಮ ಬಾಗಿಲಲ್ಲಿ ಪ್ಲೇಟು ಹಿಡಿದು ನಿಂತಿದ್ದಾರೆ, ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ.

"ಅಮ್ಮಾ, ಆಮೇಲೆ. ಎಣ್ಣೆ ಕೈಯಲ್ಲಿ ಇದನ್ನ ಮುಟ್ಟಂಗಿಲ್ಲ."

"ಆರಿದ ಮೇಲೆ ಬಜ್ಜಿ ಯಾರು ತಿಂತಾರೆ?" ಎಂದು ಅಮ್ಮ ಪ್ಲೇಟನ್ನು ನಿಮ್ಮ ಕೈಗೆ ಕೊಟ್ಟು ಹೋಗುತ್ತಾರೆ. ನೀವು ತಿನ್ನಬಹುದು, ನಿಮಗೆ ಕೆಲಸವಿಲ್ಲ.

ಎಲ್ಲರೂ ಬಿಚ್ಚುವುದು ಗಾಜಿನ ಕಡೆಯ ಬಾಗಿಲನ್ನು. ಅಕ್ಕ ಮೊದಲು ಬಿಚ್ಚುವುದು ಅದರ ಎದುರು ಬದಿಯದನ್ನು. ಅಲ್ಲಿ ವೈರುಗಳ ಗೋಜಲಿನ ನಡುವೆ, ತಗಡಿನಲ್ಲಿ ಚೌಕವಾಗಿ ಕತ್ತರಿಸಿದ ಕಿಂಡಿಯಿದೆ. ಅದರಲ್ಲಿ ಮದರ್‌ಬೋರ್ಡಿನ ಬೆನ್ನು ಕಾಣುತ್ತದೆ. ಮೊಬೈಲ್ ಟಾರ್ಚ್ ಹಿಡಿಯುತ್ತಾಳೆ. ಬಗ್ಗಿ ನೋಡಿ. ಪ್ರೊಸೆಸರ್ ಜೊತೆಗೆ ಬಂದ ಕೂಲರಿಗೆ ಸ್ಕ್ರೂ ಇಲ್ಲ, ನಾಲ್ಕು ಮೂಲೆಗೆ ನಾಲ್ಕು ಪ್ಲಾಸ್ಟಿಕ್ ಪಿನ್. ಮೇಲಿನಿಂದ ಒತ್ತಿದಾಗ ಸೀಳಿದ ಬಿಳಿ ಕಾಲು ತೂತಿನಿಂದ ಹೊರಬರಬೇಕು. ಅದರ ನಡುವೆ ಕಪ್ಪು ಕಡ್ಡಿ ಇಳಿದು ಬಿಳಿಯದನ್ನು ಅಗಲಿಸಿ ಹಿಡಿಯಬೇಕು. ಒಂದು ಮೂಲೆ, ಸರಿ. ಎರಡನೆಯದು, ಸರಿ. ಮೂರನೆಯದೂ ಸರಿ. ನಾಲ್ಕನೆಯ ತೂತಿನಲ್ಲಿ ಬಿಳಿ ಕಾಲಿನ ತುದಿ ಮಾತ್ರ ಇಣುಕುತ್ತಿದೆ. ಕಪ್ಪು ಕಡ್ಡಿ ಇಲ್ಲವೇ ಇಲ್ಲ.

"ಒತ್ತಿದ್ದೆ ಅಕ್ಕಾ, ನಾಲ್ಕೂ ಒತ್ತಿದ್ದೆ."

"ಒತ್ತಿರ್ತೀಯ. ಬೋರ್ಡ್ ಬಗ್ಗೋದು ನೋಡಿ ಹೆದರಿ ಬಿಟ್ಟಿರ್ತೀಯ."

ನಿಜವಿರಬೇಕು, ಹುಡುಗ ನಗುತ್ತಾನೆ. ಆ ಪಿನ್ ಒತ್ತುವಾಗ ಮದರ್‌ಬೋರ್ಡ್ ಕಣ್ಣಿಗೆ ಕಾಣುವಂತೆ ಬಾಗುತ್ತದೆ. ಸ್ವಂತ ದುಡ್ಡಿನಲ್ಲಿ ಕೊಂಡವನ ಕೈ ಅಲ್ಲಿ ತಾನಾಗಿ ಹಿಂಜರಿಯುತ್ತದೆ. ಮೇಲಿನಿಂದ ನೋಡಿದರೆ ನಾಲ್ಕೂ ಕೂತಂತೆಯೇ ಕಾಣುತ್ತವೆ. ಇಂಥ ಪಿನ್ನುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅಗ್ಗ, ಹಗುರ, ಕಾರ್ಖಾನೆಯಲ್ಲಿ ಜೋಡಿಸಲು ಚುರುಕು ಇರಬಹುದು. ಮೊದಲ ಸಲ ಮನೆಯಲ್ಲಿ ಜೋಡಿಸುವವನ ಕೈಗೆ ಕೊಡಬೇಕಾದದ್ದು ಸ್ಕ್ರೂ.

ಇಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು, ಒಂದು ಟ್ಯೂಬ್‌ಲೈಟು ಇನ್ವರ್ಟರಿನ ಮೇಲೆ ನಡೆಯುತ್ತಿವೆ. ಈ ಕೋಣೆಯ ಪ್ಲಗ್ ಪಾಯಿಂಟಿಗೆ ಆ ಲೈನಿಲ್ಲ. ಕೆಲಸಕ್ಕೇನೂ ಅಡ್ಡಿಯಿಲ್ಲ.

ಅಕ್ಕ ಪಿನ್ನುಗಳ ತಲೆಯನ್ನು ಬಾಣದ ಗುರುತಿನ ಕಡೆಗೆ ತಿರುಗಿಸಿ ಒಂದೊಂದನ್ನೇ ಮೇಲೆಳೆದು ಕೂಲರನ್ನು ಬಿಡಿಸಿಕೊಳ್ಳುತ್ತಾಳೆ. ಅದರ ತಾಮ್ರದ ತಳವನ್ನು ಬೆಳಕಿಗೆ ಹಿಡಿಯುತ್ತಾಳೆ. ಬೂದು ಬಣ್ಣದ ಥರ್ಮಲ್ ಪೇಸ್ಟ್ ಒಂದು ಪಕ್ಕದಲ್ಲಿ ತೆಳ್ಳಗೆ ಅರೆದುಹೋಗಿದೆ, ಎದುರು ಮೂಲೆಯಲ್ಲಿ ಕಾರ್ಖಾನೆಯಿಂದ ಹಚ್ಚಿ ಬಂದಾಗ ಹೇಗಿತ್ತೋ ಹಾಗೇ, ಗೆರೆಗೆರೆಯಾಗಿ ಉಳಿದಿದೆ. ಅಂದರೆ ಅಲ್ಲಿ ಪ್ರೊಸೆಸರ್ ತಾಗಿಯೇ ಇಲ್ಲ. ಕೂದಲೆಳೆಯ ಸಂದು, ನಡುವೆ ಗಾಳಿ. ಗಾಳಿ ಶಾಖವನ್ನು ದಾಟಿಸುವುದು ತೀರ ಕಡಿಮೆ. ಪೇಸ್ಟಿನ ಕೆಲಸವೇ ಆ ಗಾಳಿಯನ್ನು ಹೊರಗಿಡುವುದು.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಾರೆ. ಪ್ರೊಸೆಸರಿನ ಮೇಲ್ಮೈ ಕನ್ನಡಿಯಂತಾಗುವವರೆಗೆ ಒರೆಸು ಎಂದು ಅವಳ ಅಪ್ಪಣೆ. ಮಧ್ಯಕ್ಕೆ ಕಡಲೆಕಾಳಿನ ಗಾತ್ರ ಹೊಸ ಪೇಸ್ಟ್. ಪಿನ್ನುಗಳ ತಲೆಯನ್ನು ಮೊದಲಿನ ಸ್ಥಾನಕ್ಕೆ ಹೊರಳಿಸಿ, ನಾಲ್ಕೂ ಕಾಲು ತೂತಿನ ಮೇಲಿವೆಯೇ ಎಂದು ನೋಡಿ, ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಬೇಕು. ಒತ್ತುವ ಕೆಲಸ ಹುಡುಗನಿಗೇ ಕೊಟ್ಟಿದ್ದಾಳೆ. ಟಕ್. ಟಕ್. ಬೋರ್ಡು ಬಾಗುತ್ತದೆ, ಅವನು ಉಸಿರು ಬಿಗಿಹಿಡಿಯುತ್ತಾನೆ. ಟಕ್. ಕೊನೆಯದಕ್ಕೆ ಹೆಬ್ಬೆರಳು ಬಿಳಿಚಿಕೊಳ್ಳುವಷ್ಟು ಒತ್ತಿದ ಮೇಲೆ, ಟಕ್. ಬೆನ್ನ ಕಡೆ ಟಾರ್ಚ್ ಬಿಟ್ಟು ನಾಲ್ಕು ಕಪ್ಪು ಕಡ್ಡಿಗಳನ್ನು ಅವನೇ ಎಣಿಸುತ್ತಾನೆ.

ಕರೆಂಟು ಬರುವ ತನಕ ಬಜ್ಜಿ.

ಪವರ್ ಬಟನ್ ಒತ್ತಿದಾಗ ಮೊದಲು ಗಮನಕ್ಕೆ ಬರುವುದು ಸದ್ದಿಲ್ಲದಿರುವುದು. ವಾಲ್‌ಪೇಪರ್ ಮುಂದೆ 44 ಡಿಗ್ರಿ. ಆಟ ಶುರು, ಕಡಲದಂಡೆ, ಮೂರು ತಿರುವೂ ಆಯಿತು. ಪ್ರೊಸೆಸರ್ 76 ಡಿಗ್ರಿಯಲ್ಲಿ, 4 ಗಿಗಾಹರ್ಟ್ಸಿನಲ್ಲಿ ನಿಂತಿದೆ. ಫ್ರೇಮ್ 104. ಹುಡುಗ ಕುರ್ಚಿಯಲ್ಲೇ ಕುಣಿಯುತ್ತಾನೆ. ಹೆಚ್ಚಿನವರು ಇಲ್ಲಿಗೆ ಕ್ಯಾಬಿನೆಟ್ ಮುಚ್ಚುತ್ತಾರೆ. ನೀವು ಇನ್ನೂ ಒಂದು ಗಳಿಗೆ ಪರದೆ ನೋಡಿ. ಪೇಟೆಯ ಬೀದಿಗೆ ಕಾರು ನುಗ್ಗಿದಾಗ, 104 ಎಂಬ ಅಂಕಿ ಕದಲದಿದ್ದರೂ, ಚಿತ್ರ ಸಣ್ಣಗೆ ಎಡವುತ್ತಿಲ್ಲವೆ?

ಅಕ್ಕನಿಗೂ ಕಂಡಿದೆ. ಫ್ರೇಮ್ ಸಂಖ್ಯೆಯ ಕೆಳಗೆ ಫ್ರೇಮ್ ಸಮಯದ ಗೆರೆ ತರಿಸುತ್ತಾಳೆ. ಒಂದೊಂದು ಫ್ರೇಮ್ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬ ಗೆರೆ ಅದು. ಮಟ್ಟಸವಾಗಿರಬೇಕಾದ ಗೆರೆಯಲ್ಲಿ ಅಲ್ಲಲ್ಲಿ ಮುಳ್ಳು ಎದ್ದಿವೆ. ಪೆನ್ನು ತೆಗೆದು ಲ್ಯಾಬ್ ರೆಕಾರ್ಡಿನ ಹಿಂಬದಿಯಲ್ಲಿ ಬರೆದು ತೋರಿಸುತ್ತಾಳೆ: ಒಂದು ಸೆಕೆಂಡಿನಲ್ಲಿ 95 ಫ್ರೇಮ್ 8 ಮಿಲಿಸೆಕೆಂಡಿಗೊಂದರಂತೆ ಬಂದರೆ 760 ಮಿಲಿಸೆಕೆಂಡ್ ಆಯಿತು. ಉಳಿದ 240 ಮಿಲಿಸೆಕೆಂಡಿನಲ್ಲಿ 5 ಫ್ರೇಮ್, 48ಕ್ಕೊಂದು. ಮೂಲೆಯ ಅಂಕಿ 100 ಎನ್ನುತ್ತದೆ. ಕಣ್ಣು ಆ ಐದನ್ನೂ ಹಿಡಿಯುತ್ತದೆ. ಅದಕ್ಕೇ ಬಲ್ಲವರು ಸರಾಸರಿಯ ಜೊತೆಗೆ ತೀರ ತಡವಾಗಿ ಬಂದ ನೂರರಲ್ಲೊಂದು ಪಾಲಿನ ಲೆಕ್ಕವನ್ನೂ ನೋಡುತ್ತಾರೆ, ಒಂದು ಪರ್ಸೆಂಟ್ ಲೋ ಎನ್ನುವುದು ಅದನ್ನೇ. ಇಲ್ಲಿ ಅದು 51.

ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಕಾರಣ ಬರೆದೇ ಇದೆ: ವೇಗ 2133. ರ್‍ಯಾಮಿನ ಮೇಲಿನ ಸ್ಟಿಕ್ಕರಿನಲ್ಲಿರುವುದು 3200. ಸ್ಟಿಕ್ಕರಿನ ವೇಗ ತಾನಾಗಿ ಬರುವುದಿಲ್ಲ. ಬಯಾಸಿಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡುವ ತನಕ ಬೋರ್ಡು ಸುರಕ್ಷಿತವಾದ ಕೆಳವೇಗದಲ್ಲೇ ನಡೆಸುತ್ತದೆ. ಅಷ್ಟೇ ಅಲ್ಲ. ಹುಡುಗ ಎರಡು ರ್‍ಯಾಮನ್ನೂ ಅಕ್ಕಪಕ್ಕದ ಸ್ಲಾಟಿಗೆ, ಪ್ರೊಸೆಸರ್ ಕಡೆಯಿಂದ ಒಂದು ಮತ್ತು ಎರಡನೆಯದಕ್ಕೆ, ಹಾಕಿದ್ದಾನೆ. ಎರಡೂ ಒಂದೇ ಚಾನೆಲ್ಲಿಗೆ ಸೇರಿದವು. ಇನ್ನೊಂದು ಚಾನೆಲ್ ಖಾಲಿ. ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕಿತ್ತು, ಮದರ್‌ಬೋರ್ಡಿನ ಪುಸ್ತಕದಲ್ಲಿ ಅದರ ಚಿತ್ರವೇ ಇರುತ್ತದೆ. ಆ ಪುಸ್ತಕ ಡಬ್ಬದೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇದೆ.

ಲೆಕ್ಕ ಹಾಕಿದರೆ, ಒಂದು ಚಾನೆಲ್ಲಿನಲ್ಲಿ 2133ಕ್ಕೆ ಸೆಕೆಂಡಿಗೆ ಸುಮಾರು 17 ಜಿಬಿ ಸಾಗುತ್ತದೆ. ಎರಡು ಚಾನೆಲ್ಲಿನಲ್ಲಿ 3200ಕ್ಕೆ 51.2 ಜಿಬಿ. ಮೂರು ಪಟ್ಟು. ಒಂದು ರೂಪಾಯಿ ಖರ್ಚಿಲ್ಲ.

ಮತ್ತೆ ಪ್ಲಗ್ ಕಿತ್ತು, ರ್‍ಯಾಮ್ ಬದಲಿಸಿ, ಆನ್ ಮಾಡುತ್ತಾರೆ. ಪರದೆ ಕಪ್ಪು. ಮಾನಿಟರ್ ನೋ ಸಿಗ್ನಲ್ ಎನ್ನುತ್ತದೆ. ಹುಡುಗನ ಮುಖ ನೋಡಿ. ಕೈ ಪವರ್ ಬಟನ್ ಕಡೆ ಹೋಗುತ್ತದೆ, ಅಕ್ಕ ಹಿಡಿದು ನಿಲ್ಲಿಸುತ್ತಾಳೆ. "ಸುಮ್ನಿರು. ಹೊಸ ಜಾಗದಲ್ಲಿ ರ್‍ಯಾಮ್ ಹೆಂಗೆ ನಡೆಸ್ಬೇಕು ಅಂತ ಬೋರ್ಡ್ ಕಲಿತಾ ಇದೆ." ಕಾಯುವವರಿಗೆ ಅದು ಬಲು ದೀರ್ಘ. ಕೊನೆಗೆ ಬಯಾಸ್ ಬರುತ್ತದೆ, ಎಕ್ಸ್‌ಎಂಪಿ ಆನ್, ಸೇವ್, ಮತ್ತೊಂದು ಕಪ್ಪು ಪರದೆ, ವಿಂಡೋಸ್.

ಈಗ ಹುಡುಗ ಒಮ್ಮೆಲೇ ಹತ್ತು ಬದಲಾವಣೆಗೆ ಸಿದ್ಧನಾಗಿದ್ದಾನೆ. ಹೊಸ ಡ್ರೈವರ್, ವಿಡಿಯೊ ನೋಡಿ ಕಲಿತ ರಿಜಿಸ್ಟ್ರಿ ತಿದ್ದುಪಡಿ, ಫ್ರೇಮ್ ದುಪ್ಪಟ್ಟು ಮಾಡುತ್ತೇನೆ ಎನ್ನುವ ಯಾವುದೋ ಬೂಸ್ಟರ್. ಅಕ್ಕ ಬೂಸ್ಟರನ್ನು ಅಲ್ಲೇ ಅನ್‌ಇನ್‌ಸ್ಟಾಲ್ ಮಾಡಿಸುತ್ತಾಳೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೂ ಒಂದೇ ಅಳತೆ. ಅಳೆಯಲು ಕಡಲದಂಡೆ ಸುತ್ತುವುದೂ ಸಾಲದು. ಅಲ್ಲಿ ಪ್ರತಿ ಸಲ ಬೇರೆ ಟ್ರಾಫಿಕ್ಕು, ಬೇರೆ ಮಳೆ. ಜಿಟಿಎ 5ರೊಳಗೇ ಬೆಂಚ್‌ಮಾರ್ಕ್ ಇದೆ, ಹೆಚ್ಚುಕಡಿಮೆ ಅದೇ ದೃಶ್ಯಗಳನ್ನು ಮತ್ತೆ ಮತ್ತೆ ಓಡಿಸುತ್ತದೆ. ಹಲವು ಸಲ ಓಡಿಸಿ, ಮೊದಲನೆಯದನ್ನು ಬಿಟ್ಟು, ಉಳಿದವನ್ನು ಬರೆದುಕೊಳ್ಳುತ್ತಾರೆ. ಸರಾಸರಿ 131. ಒಂದು ಪರ್ಸೆಂಟ್ ಲೋ 88. ಮೂರು ಪಟ್ಟು ದಾರಿ ಅಗಲವಾದರೆ ಮೂರು ಪಟ್ಟು ಫ್ರೇಮ್ ಬರುವುದಿಲ್ಲ. ಹೆಚ್ಚು ಲಾಭವಾದದ್ದು ಎಡವುತ್ತಿದ್ದ ಫ್ರೇಮುಗಳಿಗೆ, ಗೆರೆಯಲ್ಲಿ ಮುಳ್ಳು ಬಹುಪಾಲು ಅಡಗಿವೆ. ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿ ಬಿಡು, ಒಂದು ತಪ್ಪು ಬಂದರೂ ರ್‍ಯಾಮಿನ ವೇಗ ಒಂದು ಮೆಟ್ಟಿಲು ಇಳಿಸು ಎಂದು ಹೇಳಿ ಅಕ್ಕ ಏಳುತ್ತಾಳೆ.

"ಅಕ್ಕಾ, ಇನ್ನೊಂದು ಆಟ ಇದೆ. ಅದೂ ಜರ್ಕ್ ಹೊಡೆಯುತ್ತೆ."

ಅನ್‌ರಿಯಲ್ ಎಂಜಿನ್ನಿನಲ್ಲಿ ಮಾಡಿದ ಹೊಸ ಆಟ. ಬಾಗಿಲು ತೆರೆದು ಹೊಸ ಕೋಣೆಗೆ ಕಾಲಿಟ್ಟಾಗ, ಮೊದಲ ಬೆಂಕಿಯುಂಡೆ ಸಿಡಿದಾಗ, ಚಿತ್ರ ಗಕ್ಕನೆ ನಿಲ್ಲುತ್ತದೆ. ಪ್ರೊಸೆಸರ್ 70 ಡಿಗ್ರಿ, ರ್‍ಯಾಮ್ 3200, ಕಾರ್ಡು ಶೇಕಡಾ 97. ಅಕ್ಕ ಅದೇ ಬಾಗಿಲಿಗೆ ವಾಪಸ್ ಹೋಗಿ ಮತ್ತೆ ಒಳಗೆ ಬರಲು ಹೇಳುತ್ತಾಳೆ. ಎರಡನೇ ಸಲ ಒಂದಿಷ್ಟೂ ಎಡವುವುದಿಲ್ಲ. ಬೆಳಕು, ಹೊಗೆ, ನೀರು ಹೇಗೆ ಕಾಣಬೇಕೆಂಬ ಶೇಡರ್ ಪ್ರೋಗ್ರಾಮುಗಳನ್ನು ಆಟ ಮೊದಲ ಬಾರಿ ಬೇಕಾದ ಕ್ಷಣದಲ್ಲೇ ಈ ಕಾರ್ಡಿಗೆ ತಕ್ಕಂತೆ ಸಿದ್ಧ ಮಾಡಿಕೊಳ್ಳುತ್ತಿದೆ, ಅಷ್ಟು ಹೊತ್ತು ನಿಲ್ಲುತ್ತದೆ. ಪ್ಲೇಸ್ಟೇಷನ್ನಿನಲ್ಲಿ ಎಲ್ಲರದೂ ಒಂದೇ ಹಾರ್ಡ್‌ವೇರ್, ಹಾಗಾಗಿ ಮೊದಲೇ ಸಿದ್ಧಮಾಡಿ ಕಳಿಸಬಹುದು. ಪಿಸಿಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರ್ಡು, ಒಂದೊಂದು ಡ್ರೈವರ್. ಕೆಲವು ಆಟಗಳು ಮೆನು ಬರುವ ಮೊದಲೇ ಕೂತು ಈ ಕೆಲಸ ಮುಗಿಸುತ್ತವೆ. ಇದು ಆ ಗೋಜಿಗೆ ಹೋಗಿಲ್ಲ.

"ಹಂಗಾದ್ರೆ ಇದಕ್ಕೇನು ಮಾಡೋದು?"

"ನೀನು ಮಾಡೋದು ಏನಿಲ್ಲ. ಆಟ ಮಾಡಿದವರು ಪ್ಯಾಚ್ ಬಿಡಬೇಕು. ಆ ಜರ್ಕಿಗೆ ಎಸ್.ಪಿ. ರೋಡಲ್ಲಿ ಪಾರ್ಟ್ ಸಿಗಲ್ಲ."